ಗಾಡಿಯಿಂದ ಕೊಯ್ದ ಒಂದೂವರೆ ಅಡಿ

ಸಿಡ್ನಿಯ ಬ್ಲ್ಯಾಕ್‌ಟೌನಿನ ನಮ್ಮ ಮನೆಗೆ ಕನ್ನಡದವರು ಯಾರೇ ಊಟಕ್ಕೆ ಬರಲಿ, ಗಂಡಸರೆಲ್ಲ ಕೈ ತೊಳೆಯುವ ಮೊದಲೇ ಗರಾಜಿಗೆ ಹೊರಟುಬಿಡುತ್ತಾರೆ. ಅಲ್ಲಿ ನಮ್ಮವರ, ಅಂದರೆ ನನ್ನ ಗಂಡನ, ಪಿಕಪ್ ನಿಂತಿದೆ. ಅಮೆರಿಕದಲ್ಲಿ ತಯಾರಾಗಿ, ಹಡಗಿನಲ್ಲಿ ಆಸ್ಟ್ರೇಲಿಯಕ್ಕೆ ಬಂದ ಹಸಿರು ಗಾಡಿ, ನಮ್ಮವರಷ್ಟೇ ವಯಸ್ಸು. ಮುಂದೆ ಮೂವರು ಒತ್ತಿಕೊಂಡು ಕೂರುವ ಒಂದೇ ಸೀಟು, ಹಿಂದೆ ಸಾಮಾನು ಹೇರುವ ತೆರೆದ ತೊಟ್ಟಿ. ಇಲ್ಲಿಯವರು ತೊಟ್ಟಿಗೆ ಟ್ರೇ ಅನ್ನುತ್ತಾರೆ. ನಾವು ಕೊಂಡಾಗ ಆ ಟ್ರೇ ಎಂಟು ಅಡಿ ಉದ್ದವಿತ್ತು. ಈಗ ಆರೂವರೆ ಅಡಿ. ನೋಡಿದವರದೆಲ್ಲ ಒಂದೇ ಪ್ರಶ್ನೆ: "ಕಟ್ ಮಾಡ್ಸೋಕೆ ಎಷ್ಟಾಯ್ತು ಸಾರ್?"

ನಮ್ಮವರು ಎದೆಯುಬ್ಬಿಸಿ ಲೆಕ್ಕ ಒಪ್ಪಿಸುತ್ತಾರೆ. ಗಾಡಿಯ ಅಡಿಯ ಚೌಕಟ್ಟು, ಅಂದರೆ ಚಾಸಿ, ಕೊಯ್ದು ಬೆಸೆದದ್ದಕ್ಕೆ ಇಷ್ಟು, ಎಂಜಿನ್ನಿನಿಂದ ಹಿಂದಿನ ಗಾಲಿಗೆ ಹೋಗುವ ಶಾಫ್ಟ್ ಗಿಡ್ಡ ಮಾಡಿಸಿದ್ದಕ್ಕೆ ಇಷ್ಟು, ಬ್ರೇಕಿನ ಪೈಪು, ಪೆಟ್ರೋಲಿನ ಪೈಪು, ಬಣ್ಣ, ಕೊನೆಗೆ ಇದು ರಸ್ತೆಗೆ ಯೋಗ್ಯ ಅಂತ ಎಂಜಿನಿಯರ್ ಕೊಡುವ ಸರ್ಟಿಫಿಕೇಟು. ಒಟ್ಟಿನಲ್ಲಿ ಗಾಡಿಗೆ ಕೊಟ್ಟದ್ದರ ಅರ್ಧಕ್ಕಿಂತ ಹೆಚ್ಚು. "ಅಯ್ಯಪ್ಪಾ!" ಅಂತ ಎಲ್ಲರೂ ಬಾಯಿ ತೆರೆಯುತ್ತಾರೆ. ನಾನು ಒಳಗೆ ಚಪಾತಿ ಲಟ್ಟಿಸುತ್ತ ಕೇಳಿಸಿಕೊಳ್ಳುತ್ತೇನೆ. ಎಷ್ಟಾಯಿತು ಅಂತ ನನ್ನನ್ನು ಇದುವರೆಗೆ ಯಾರೂ ಕೇಳಿಲ್ಲ.

ಕೇಳಿದ್ದರೆ ಮೊದಲು ನಮ್ಮವರ ಎದೆಯಿಂದ ಶುರು ಮಾಡಬೇಕಿತ್ತು. ಅವರು ಮೈಸೂರಿನವರು, ನಾನು ಧಾರವಾಡದವಳು. ಅವರಿಗೆ ಕಾಫಿ, ನನಗೆ ಚಹಾ; ಇಪ್ಪತ್ತೈದು ವರ್ಷದ ಸಂಸಾರದಲ್ಲಿ ಆ ಮನುಷ್ಯ ಒಂದು ದಿನವೂ ಚಹಾ ಮಾಡಿದವರಲ್ಲ. "ಆ ಕಷಾಯ ನೀನೇ ಕುಡಿ" ಅನ್ನುತ್ತಿದ್ದರು. ಅವರ ಆಫೀಸು ಚಾಟ್ಸ್‌ವುಡ್‌ನಲ್ಲಿ, ನನ್ನದು ವೆಸ್ಟ್‌ಮೀಡ್‌ನಲ್ಲಿ, ರಕ್ತ ಪರೀಕ್ಷೆಯ ಲ್ಯಾಬು. ಒಂದು ದಿನ ಮೀಟಿಂಗಿನಲ್ಲಿ ಕೂತವರಿಗೆ ಎದೆ ಹಿಡಿದುಕೊಂಡಿತು. ಸ್ಟೆಂಟ್ ಹಾಕಿದರು, ಬದುಕಿದರು. ಆದರೆ ಮನೆಗೆ ಬಂದವರು ಮೊದಲಿನವರಲ್ಲ. ಗೋಡೆ ನೋಡುತ್ತ ಕೂರುವುದು, ಮಧ್ಯಾಹ್ನ ಮಲಗಿದರೆ ಬೆಚ್ಚಿ ಏಳುವುದು. "ಕಣ್ಣು ಮುಚ್ಚಿದ್ರೆ ಮತ್ತೆ ತೆಗೀತೀನೋ ಇಲ್ವೋ ಅನ್ಸುತ್ತೆ ಕಣೇ" ಅಂದರು ಒಂದು ಸಲ. ನಾನು ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟು ಅತ್ತೆ.

ಮನಸ್ಸಿಗೆ ಹಿಡಿಸುವಂಥದ್ದು ಏನಾದರೂ ಮಾಡಿ ಅಂದರು ಡಾಕ್ಟರು. ಬೇರೆಯವರು ವಾಕಿಂಗ್ ಹೋಗುತ್ತಾರೆ, ಟೊಮೇಟೊ ಬೆಳೆಯುತ್ತಾರೆ. ಊರಿಗೊಂದು ದಾರಿಯಾದರೆ ಪೋರನಿಗೊಂದು ದಾರಿ. ಇವರು ಲ್ಯಾಪ್‌ಟಾಪಿನಲ್ಲಿ ಹಳೆಯ ಪಿಕಪ್‌ಗಳನ್ನು ಹುಡುಕುತ್ತ ಕೂತರು. ತಾವು ಹುಟ್ಟಿದ ವರ್ಷದ್ದೇ ಆಗಬೇಕಂತೆ. ಮೆಲ್ಬರ್ನ್‌ನಲ್ಲಿ ಒಂದು ಸಿಕ್ಕಿತು. ನನ್ನನ್ನು ಕೇಳದೆ ಅಡ್ವಾನ್ಸ್ ಕಳಿಸಿ, ಇಬ್ಬರಿಗೂ ವಿಮಾನದ ಟಿಕೆಟ್ ಬುಕ್ ಮಾಡಿದರು. ನಾನು ಬೈದೆ. ಬೈಯುತ್ತಲೇ ಬಟ್ಟೆ ತುಂಬಿದೆ, ಯಾಕೆಂದರೆ ಎಷ್ಟೋ ತಿಂಗಳ ಮೇಲೆ ಅವರು ಹಲ್ಲು ಬಿಟ್ಟು ನಕ್ಕಿದ್ದರು.

ಆ ಮನೆ ಮೆಲ್ಬರ್ನ್‌ನ ಪಶ್ಚಿಮದ ಅಂಚಿನಲ್ಲಿತ್ತು. ಹೊಸ ಸಬರ್ಬುಗಳು ಮುಗಿದು ಒಣ ಹುಲ್ಲಿನ ಬಯಲು ಶುರುವಾಗುವ ಜಾಗ. ಗಾಳಿ ಒಂದೇ ಸಮನೆ ಬೀಸುತ್ತಿತ್ತು. ಮಾರುವವಳು ಒಬ್ಬಳೇ ಇದ್ದ ಬಿಳಿಯ ಮುದುಕಿ. ನಮ್ಮವರು ಟಾರ್ಚ್ ಹಿಡಿದು ಗಾಡಿಯ ಕೆಳಗೆ ನುಸುಳಿದರು. ಮುದುಕಿ ನನ್ನನ್ನು ಅಡುಗೆಮನೆಗೆ ಕರೆದು ಚಹಾ ಕೊಟ್ಟಳು. ಕಿಟಕಿಯಾಚೆ ಗಾಡಿ ಕಾಣುತ್ತಿತ್ತು. ನಮ್ಮವರ ಕಾಲೆರಡು ಮಾತ್ರ ಅದರ ಕೆಳಗಿನಿಂದ ಹೊರಗೆ ಚಾಚಿದ್ದವು.

ಸುಮ್ಮನೆ ಮಾತಿಗೆ ಅಂತ, ಯಾಕೆ ಮಾರುತ್ತಿದ್ದೀರಿ ಅಂತ ಕೇಳಿದೆ. ಅವಳು ಬಹಳ ಸಮಾಧಾನದಿಂದ ಹೇಳಿದಳು. ಗಾಡಿ ಅವಳ ಗಂಡನದು. ಬೇಲಿ ಹಾಕುವ ಕೆಲಸ ಅವನದು, ಬಾಗಿಲಿಗೆ ತಲೆ ಬಗ್ಗಿಸಿ ಬರಬೇಕಾದಷ್ಟು ಎತ್ತರದ ಆಳು. ಸಲಕರಣೆ ಇಡಲು ಟ್ರೇಯ ಮುಂದಿನ ತುದಿಯಲ್ಲಿ ಅಡ್ಡಡ್ಡ ಒಂದು ಮರದ ಪೆಟ್ಟಿಗೆ ತಾನೇ ಮಾಡಿ ಕೂರಿಸಿದ್ದ. ಉಳಿದ ಜಾಗ ಅವನಿಗೆ ಹೇಳಿ ಮಾಡಿಸಿದಂತಿತ್ತು: ತಲೆ ಪೆಟ್ಟಿಗೆಗೆ, ಹಿಮ್ಮಡಿ ಹಿಂದಿನ ಬಾಗಿಲಿಗೆ. ದಿನಾ ಸಂಜೆ ಹೋಗಿ ಅದರಲ್ಲಿ ಮಲಗಿ ಆಕಾಶ ನೋಡುತ್ತಿದ್ದ. ಚಹಾ ಬೇಕಾದಾಗ ಟ್ರೇಯ ಪಕ್ಕದ ತಗಡಿಗೆ ಬೆರಳಿನ ಉಂಗುರದಿಂದ ಎರಡು ಸಲ ತಟ್ಟುತ್ತಿದ್ದ. ಇವಳು ಅಡುಗೆಮನೆಯಿಂದ ಕೇಳಿ ಒಯ್ದು ಕೊಡುತ್ತಿದ್ದಳು.

"ಒಂದು ಸಂಜೆ ತಟ್ಟಲಿಲ್ಲ" ಅಂದಳು. ನಿದ್ದೆ ಬಂದಿರಬೇಕು ಅಂತ ಇವಳೂ ಸುಮ್ಮನಿದ್ದಳಂತೆ. ಕತ್ತಲಾಗುವ ಹೊತ್ತಿಗೆ ಹೋಗಿ ನೋಡಿದರೆ ಮೈ ತಣ್ಣಗಾಗಿತ್ತು. ಆಮೇಲೆ ಆ ಗಾಡಿ ಹಾಗೇ ನಿಂತಿದೆ. "ಅದು ಖಾಲಿ ನಿಂತಿರುವುದನ್ನು ನನ್ನಿಂದ ನೋಡಲಾಗುವುದಿಲ್ಲ" ಅಂತ ಹೇಳಿ, ನನಗೆ ಇನ್ನೊಂದು ಬಿಸ್ಕೀಟು ಮುಂದೆ ಮಾಡಿದಳು.

ಕಪ್ಪು ಕೆಳಗಿಟ್ಟೆ. ಕಿಟಕಿಯಲ್ಲಿ ನಮ್ಮವರ ಕಾಲು ನೋಡಿದೆ, ಅಲುಗಾಡುತ್ತಿರಲಿಲ್ಲ. ಓಡಿದೆ. ನಾನು ಹೋಗುವಷ್ಟರಲ್ಲಿ ಹೊರಗೆ ಬಂದು ಕೈ ಒರೆಸಿಕೊಳ್ಳುತ್ತ, "ಚಾಸಿ ಚಿನ್ನದ ಹಾಗಿದೆ ಕಣೇ" ಅಂದರು. ಟ್ರೇಯ ಒಳಗೆ ಬಗ್ಗಿ ನೋಡಿದೆ. ಹಿಂದಿನ ಬಾಗಿಲ ಹತ್ತಿರ ತಗಡಿನಲ್ಲಿ ಎರಡು ತಗ್ಗು ಬಿದ್ದಿದ್ದವು. ಬಣ್ಣ ಸವೆದು ಒಳಗಿನ ಕಬ್ಬಿಣ ಮಿಂಚುತ್ತಿತ್ತು. ವರ್ಷಗಟ್ಟಲೆ ಒಂದೇ ಜಾಗದಲ್ಲಿ ಊರಿದ ಹಿಮ್ಮಡಿಗಳ ಗುರುತು.

ಪಕ್ಕಕ್ಕೆ ಕರೆದು ಹೇಳಿದೆ. "ಕೇಳ್ರಿಲ್ಲೆ. ಆಕಿ ಗಂಡ ಇದರಾಗ ಮಲಗಿ ಸತ್ತಾನ. ಈ ಗಾಡಿ ನಮಗ ಬ್ಯಾಡ."

"ಆರಾಮಾಗಿ ಆಕಾಶ ನೋಡ್ಕೊಂಡು ಹೋಗಿದಾನೆ. ಪುಣ್ಯಾತ್ಮ ಕಣೇ!" ಅಂತ ನಕ್ಕರು.

"ನಗಬ್ಯಾಡ್ರಿ. ಹೆಣ ಮಲಗಿದ ಗಾಡಿ ಮನಿಗೆ ಒಯ್ಯೋದಂದ್ರ ಏನು?"

"ನಮ್ಮ ಬಾಡಿಗೆ ಮನೇಲಿ, ನಾವು ಹತ್ತೋ ಟ್ರೈನಲ್ಲಿ, ಯಾರೂ ಸತ್ತೇ ಇಲ್ವಾ? ಸುಮ್ನೆ ಹತ್ತು."

ಅಡ್ವಾನ್ಸ್ ಹೋಗಿತ್ತು, ಮನಸ್ಸೂ ಹೋಗಿತ್ತು. ಉಂಗುರದಿಂದ ತಟ್ಟುವ ವಿಷಯ ಹೇಳುವಷ್ಟರಲ್ಲಿ ಅವರು ಕೀಲಿ ತಿರುಗಿಸಿಯಾಗಿತ್ತು. ಸಿಟ್ಟಿಗೆ ನಾನು ಅದನ್ನು ಹೇಳಲೇ ಇಲ್ಲ. ಮುಂದೆಯೂ ಹೇಳುವ ಸಂದರ್ಭ ಬರಲಿಲ್ಲ.

ಸಿಡ್ನಿಯವರೆಗೆ ಹೈವೇಯಲ್ಲಿ ಅದನ್ನೇ ಓಡಿಸಿಕೊಂಡು ಬಂದೆವು. ಬ್ರೇಕ್ ಹಾಕಿದಾಗೆಲ್ಲ ಹಿಂದೆ ಏನೋ ಮೆಲ್ಲಗೆ ಜಾರಿ, ಒಂದು ಕ್ಷಣ ತಡೆದು, ಪೆಟ್ಟಿಗೆಗೆ ತಾಗಿದ ಸದ್ದು. ಗಂಡೆಗೈ ಅನ್ನುವ ಊರು ದಾಟಿದ ಮೇಲೆ ನಾನು ಹಟ ಮಾಡಿ ನಿಲ್ಲಿಸಿದೆ. ಇಳಿದು ನೋಡಿದರೆ ಟ್ರೇ ಖಾಲಿ, ಪೆಟ್ಟಿಗೆಗೆ ಬೀಗ. ಬೀಗ ತೆಗೆದು ನೋಡಿದೆವು, ಅದೂ ಖಾಲಿ. "ಖಾಲಿ ಗಾಡಿ ಸದ್ದು ಮಾಡುತ್ತೆ, ತುಂಬಿದ ಕೊಡ ತುಳುಕಲ್ಲ ಅಂತಾರಲ್ಲ, ಹಾಗೆ" ಅಂದರು. ಅವರ ಬಾಯಿಗೆ ಯಾವಾಗಲೂ ಒಂದು ಗಾದೆ ಸಿದ್ಧ. ನಾನು ಉಳಿದ ದಾರಿಯುದ್ದಕ್ಕೂ ಹಿಂದಿನ ಗಾಜಿನ ಕಡೆ ತಿರುಗಲಿಲ್ಲ.

ಮನೆಗೆ ಬಂದ ಮೇಲೆ ನನಗೆ ಹೊರಸಿನ ನೆನಪಾಯಿತು. ನಮ್ಮ ಕಡೆ ಹಗ್ಗ ಹೆಣೆದ ಮಂಚಕ್ಕೆ ಹೊರಸು ಅನ್ನುತ್ತಾರೆ. ನಾನು ಸಣ್ಣವಳಿದ್ದಾಗ ಧಾರವಾಡದ ಮನೆಯಲ್ಲಿ ಅಜ್ಜಿ ಹೊರಸಿನ ಮೇಲೇ ತೀರಿಕೊಂಡಳು. ದಿನಕರ್ಮ ಮುಗಿದ ಮೇಲೆ ಬಡಿಗ ಬಂದು, ಹಗ್ಗ ಬಿಚ್ಚಿ, ಹೊರಸಿನ ಉದ್ದದ ಕಟ್ಟಿಗೆಗಳನ್ನು ಗರಗಸದಿಂದ ಕೊಯ್ದು ಗಿಡ್ಡ ಮಾಡಿ, ಮತ್ತೆ ಹೆಣೆದು ಕೊಟ್ಟ. ಯಾಕೆ ಅಂತ ಓಣಿಯ ಹುಡುಗಿಯರನ್ನು ಕೇಳಿದ್ದಕ್ಕೆ ಅವರು ಹೇಳಿದರು: ಸತ್ತವರು ತಮ್ಮ ಜಾಗ ಹುಡುಕಿಕೊಂಡು ಬರುತ್ತಾರೆ, ಹೊರಸು ಗಿಡ್ಡ ಆಗಿದ್ದರೆ ಗುರುತು ಸಿಗದೆ ತಿರುಗಿ ಹೋಗುತ್ತಾರೆ. ನಾನು ನಂಬಿದೆ. ಹೈಸ್ಕೂಲು ಮುಗಿಯುವವರೆಗೆ ಅದರ ಮೇಲೆ ನಾನೇ ಮಲಗಿದೆ, ಅಜ್ಜಿ ಒಮ್ಮೆಯೂ ಕನಸಿಗೆ ಸಹ ಬರಲಿಲ್ಲ. ಉಪಾಯ ಫಲಿಸಿದೆ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ನಮ್ಮವರಿಗೆ ಹೇಳಿಬಿಟ್ಟೆ. "ಹಿಂದಿಂದು ಕೊಯ್ಸಿ ಗಿಡ್ಡ ಮಾಡ್ಸ್ರಿ. ಇಲ್ಲಾಂದ್ರ ಅದು ಇರಬೇಕು, ಇಲ್ಲಾ ನಾ ಇರಬೇಕು."

ಅವರು ಒಪ್ಪುತ್ತಾರೆಂದು ನಾನೂ ಎಣಿಸಿರಲಿಲ್ಲ. ಆದರೆ ದೈವ ನನ್ನ ಕಡೆಗಿತ್ತು, ಅಥವಾ ಹಾಗಂದುಕೊಂಡೆ. ಗರಾಜಿನಲ್ಲಿ ಗಾಡಿ ನಿಲ್ಲಿಸಿದರೆ ಹಿಂಭಾಗ ಹೊರಗೆ ಉಳಿಯುತ್ತಿತ್ತು, ಶಟರ್ ಮುಚ್ಚುತ್ತಿರಲಿಲ್ಲ. ಮೇಲಾಗಿ ಇಂಥ ಹಳೆಯ ಗಾಡಿಗಳಲ್ಲಿ ಉದ್ದ ಟ್ರೇಗಿಂತ ಗಿಡ್ಡ ಟ್ರೇಗೇ ಬೇಡಿಕೆಯಂತೆ, ನೋಡಲು ಚೆಂದವಂತೆ. ಅವರ ಆನ್‌ಲೈನ್ ಗೆಳೆಯರ ಬಳಗ ಹಾಗೆ ಹೇಳಿತಂತೆ. "ನೀನು ಹೇಳ್ದೆ ಅಂತ ಅಲ್ಲ, ಗರಾಜ್ ಸಾಲಲ್ಲ ಅಂತ" ಅಂತ ಮೀಸೆಗೆ ಮಣ್ಣಾಗದ ಹಾಗೆ ಒಪ್ಪಿದರು.

ಹತ್ತಿರದಲ್ಲೇ ವರ್ಕ್‌ಶಾಪು. ನಡೆಸುವವನು ಫಿಜಿಯಿಂದ ಬಂದ ಭಾರತೀಯ ಮೂಲದವನು, ನಮ್ಮೊಡನೆ ಹಿಂದಿಯಲ್ಲೇ ಮಾತು. ಅವನು ಮೊದಲು ಬೇಡವೆಂದ. ಇದು ಬಟ್ಟೆ ಮಡಚಿ ಹೊಲಿದ ಹಾಗಲ್ಲ, ಬೆನ್ನುಮೂಳೆ ಕೊಯ್ದು ಜೋಡಿಸಬೇಕು, ಗಿಡ್ಡದ್ದೇ ಬೇಕಿದ್ದರೆ ಗಿಡ್ಡದ್ದನ್ನೇ ಕೊಳ್ಳಿ, ಅಗ್ಗವಾಗುತ್ತದೆ ಅಂದ. ನ್ಯಾಯದ ಮಾತು. ಅವನು ಹೇಳಿದ ಮೊತ್ತ ಕೇಳಿ ನಮ್ಮವರ ಮುಖ ಸಣ್ಣಗಾಯಿತು. ಆದರೂ ನಾನು ಪಟ್ಟು ಬಿಡಲಿಲ್ಲ. ಆ ತಗ್ಗುಗಳಿರುವ ಹಿಂದಿನ ತುದಿಯನ್ನೇ ಕೊಯ್ದು ಬಿಸಾಡಿ ಅಂದೆ. ಅದಾಗುವುದಿಲ್ಲ, ಹಿಂದಿನ ಬಾಗಿಲ ಚೌಕಟ್ಟು, ದೀಪದ ಮೂಲೆಗಳು ಎಲ್ಲ ಅಲ್ಲೇ ಇವೆ, ಕೊಯ್ಯುವುದು ನಡುವಿನಿಂದ ಅಂದ. ಬಣ್ಣ ಬಳಿದರೆ ಗುರುತು ಕಾಣುವುದಿಲ್ಲ ಅಂತಲೂ ಸಮಾಧಾನ ಹೇಳಿದ.

ನಡುವೆ ಒಂದು ದಿನ ನೋಡಲು ಹೋದೆವು. ಗಾಡಿ ಎರಡು ತುಂಡಾಗಿ ನಿಂತಿತ್ತು. ಮುಂದಿನ ಅರ್ಧ ಒಂದು ಕಡೆ, ಹಿಂದಿನ ಅರ್ಧ ಇನ್ನೊಂದು ಕಡೆ, ನಡುವೆ ಒಬ್ಬ ಮನುಷ್ಯ ನುಸುಳುವಷ್ಟು ಸಂದು. ಕೊಯ್ದ ತುಂಡು ಗೋಡೆಗೆ ಒರಗಿತ್ತು. ನಮ್ಮವರು ಖುಷಿಯಿಂದ ಆ ಸಂದಿನಲ್ಲಿ ಹೋಗಿ ನಿಂತು, "ಫೋಟೊ ತೆಗಿಯೇ" ಅಂದರು. "ಹೊರಗ ಬರ್ರಿ ಮೊದಲ!" ಅಂತ ನಾನು ಚೀರಿದ್ದಕ್ಕೆ ವರ್ಕ್‌ಶಾಪಿನವನೂ ತಿರುಗಿ ನೋಡಿದ. ಹೊರಡುವಾಗ ಅವನು ಒಂದು ಮಾತು ಕೇಳಿದ: ಇದರ ಹಿಂದೆ ಯಾವಾಗಲೂ ಏನಾದರೂ ಭಾರ ಇಟ್ಟಿರುತ್ತಿದ್ದರೇ? ಹಿಂದಿನ ಸ್ಪ್ರಿಂಗುಗಳು ಬಾಗಿ ಕೂತಿವೆ, ಇಲ್ಲಿ ಖಾಲಿ ನಿಂತಾಗಲೂ ಏಳುತ್ತಿಲ್ಲ ಅಂದ. ಹಳೆಯ ಗಾಡಿ ಅಲ್ಲವೇ ಅಂದರು ನಮ್ಮವರು.

ಗಾಡಿ ಮನೆಗೆ ಬಂದದ್ದು ಆಯುಧಪೂಜೆಯ ಹೊತ್ತಿಗೆ. ಊರಿನಲ್ಲಾದರೆ ಬೂದುಗುಂಬಳ ಒಡೆಯುತ್ತಿದ್ದೆವು. ಇಲ್ಲಿ ಡ್ರೈವ್‌ವೇ ಗಲೀಜಾದರೆ ಅಕ್ಕಪಕ್ಕದವರು ಗೊಣಗುತ್ತಾರೆ ಅಂತ ತೆಂಗಿನಕಾಯಿಯಲ್ಲೇ ಮುಗಿಸಿದೆ. ಬಾನೆಟ್ಟಿಗೆ ವಿಭೂತಿ, ಕುಂಕುಮ, ಚೆಂಡುಹೂವಿನ ಮಾಲೆ. ಗಾಲಿಗಳ ಕೆಳಗೆ ನಿಂಬೆಹಣ್ಣು. ಗಾಡಿ ನಿಂಬೆಹಣ್ಣು ಅಪ್ಪಚ್ಚಿ ಮಾಡಿ ಒಳಗೆ ಹೋಗಿ ನಿಂತಿತು, ಶಟರ್ ಸಲೀಸಾಗಿ ಮುಚ್ಚಿತು. ಅಬ್ಬ, ಪೀಡೆ ಕಳೆಯಿತು ಅಂದುಕೊಂಡೆ. ಆ ದಿನ ಹೋಳಿಗೆ ಮಾಡಿದ್ದೆ.

ಊಟವಾದ ಮೇಲೆ ನಮ್ಮವರು ಮಗುವಿನ ಹಾಗೆ ಟ್ರೇಗೆ ಹತ್ತಿದರು. ದಿಂಬು ತರಿಸಿಕೊಂಡರು. ಮಲಗಿದರು.

"ಬಾರೇ ಇಲ್ಲಿ, ನೋಡು ಮಜಾನ! ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ. ನಾವು ಕಾಲು ಇದ್ದಷ್ಟು ಹಾಸಿಗೆ ಕತ್ತರಿಸಿದೀವಿ!"

ಹೋಗಿ ನೋಡಿದೆ. ತಲೆ ಮರದ ಪೆಟ್ಟಿಗೆಗೆ ತಾಗಿತ್ತು, ಕಾಲು ಹಿಂದಿನ ಬಾಗಿಲಿಗೆ. ಒಂದು ಬೆರಳು ಹೆಚ್ಚಿಲ್ಲ, ಒಂದು ಬೆರಳು ಕಮ್ಮಿಯಿಲ್ಲ. ಹೊಸ ಬಣ್ಣದ ಕೆಳಗೆ ಆ ಎರಡು ತಗ್ಗು ಹಾಗೇ ಉಳಿದಿದ್ದವು. ನಮ್ಮವರ ಹಿಮ್ಮಡಿ ಎರಡೂ ಅವುಗಳಲ್ಲಿ ಕೂತಿದ್ದವು.

ನಾನು ಲೆಕ್ಕ ಹಾಕಿದೆ. ಆರೂವರೆ ಅಡಿಯಲ್ಲಿ ಪೆಟ್ಟಿಗೆಯ ಒಂದು ಅಡಿ ಕಳೆದರೆ ಐದೂವರೆ. ನಮ್ಮವರ ಎತ್ತರ ಐದೂವರೆ ಅಡಿ. ದಿನವಿಡೀ ಸಿರಿಂಜು ಸೀಸೆಗಳ ಅಳತೆ ನೋಡುವ ನಾನು ಆ ದರಿದ್ರ ಪೆಟ್ಟಿಗೆಯನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ.

"ಏಳ್ರಿ ಮ್ಯಾಲ" ಅಂದೆ.

ಅವರು ಕಣ್ಣು ಮುಚ್ಚಿಕೊಂಡೇ ನಕ್ಕರು. "ಎಷ್ಟು ಹಾಯಾಗಿದೆ ಗೊತ್ತಾ. ಐದು ನಿಮಿಷ ಬಿಡು."

ಐದು ನಿಮಿಷ ಒಂದು ತಾಸಾಯಿತು. ಆಪರೇಷನ್ ಆದಾಗಿನಿಂದ ಬೆಚ್ಚದೆ ಅವರು ಮಾಡಿದ ಮೊದಲ ನಿದ್ದೆ ಅದು. ಆಮೇಲೆ ಅದೇ ರೂಢಿಯಾಯಿತು. ಚಾಟ್ಸ್‌ವುಡ್‌ನಿಂದ ಬಂದವರೇ ಬ್ಯಾಗು ಬಿಸಾಕಿ, ಗಾಡಿಯನ್ನು ಡ್ರೈವ್‌ವೇಗೆ ಇಳಿಸಿ, ಟ್ರೇಯಲ್ಲಿ ಮಲಗಿ ಆಕಾಶ ನೋಡುವುದು. ಮುಖಕ್ಕೆ ಕಳೆ ಬಂತು, ಊಟ ಸೇರಿತು, ಹಳೆಯ ಜೋಕುಗಳೆಲ್ಲ ವಾಪಸ್ ಬಂದವು. ನಾನು ಏನಂತ ಬೇಡ ಅನ್ನಲಿ? ಅತ್ತ ದರಿ, ಇತ್ತ ಪುಲಿ. ಒಲೆಯ ಮೇಲೆ ಪಲ್ಯ ಸೀದರೂ ನನ್ನ ಕಣ್ಣು ಕಿಟಕಿಯಾಚೆ. ಶರ್ಟು ಮೇಲೆ ಏಳುತ್ತಿದೆಯೇ, ಇಳಿಯುತ್ತಿದೆಯೇ? ಒಂದೊಂದು ಸಲ ಕಾಣದೆ ಚಪ್ಪಲಿಯೂ ಇಲ್ಲದೆ ಓಡಿ ಹೋಗಿ ಮೂಗಿನ ಹತ್ತಿರ ಕೈ ಹಿಡಿದಿದ್ದೇನೆ. "ಏನೇ ನಿಂದು ಕಾಟ!" ಅಂತ ಬೈಸಿಕೊಂಡಿದ್ದೇನೆ. ಆ ಬೈಗುಳ ಕೇಳಿದರೆ ನನಗೆ ಜೀವ ಬರುತ್ತಿತ್ತು.

ಕೊನೆಗೆ ತಡೆಯಲಾರದೆ ಅವ್ವನಿಗೆ ಫೋನ್ ಹಚ್ಚಿದೆ. ಅವ್ವ ಈಗ ಹುಬ್ಬಳ್ಳಿಯಲ್ಲಿ ಅಣ್ಣನ ಮನೆಯಲ್ಲಿದ್ದಾಳೆ. ಮೊಮ್ಮಕ್ಕಳ ಗಲಾಟೆ, ಟೀವಿಯ ಗಲಾಟೆ, ಅದರ ನಡುವೆ ಅವ್ವನ ಮುಖ ಪರದೆಯಲ್ಲಿ ಅರ್ಧವೇ ಕಾಣುತ್ತಿತ್ತು. ಎಲ್ಲ ಹೇಳಿದೆ. ಹೊರಸಿನ ಹಾಗೆಯೇ ಮಾಡಿಸಿದೆವು, ಆದರೂ ನನಗೆ ಸಮಾಧಾನವಿಲ್ಲ, ಯಾಕೆ ಅಂತ ಕೇಳಿದೆ.

ಅವ್ವ ಟೀವಿ ಸಣ್ಣ ಮಾಡಿಸಿದಳು. "ಅಲ್ಲಬೇ, ಹೊರಸು ಯಾಕ ಕೊಯ್ಸಿದ್ವಿ ಅಂತ ತಿಳಕೊಂಡಿ ನೀ?"

"ಅಜ್ಜಿಗೆ ಗುರ್ತ ಸಿಗಬಾರದು ಅಂತ."

"ಯಾವ ಹುಚ್ಚಿ ಹೇಳಿದ್ಲು ನಿನಗ? ಸತ್ತವರ ಹೊರಸು ಖಾಲಿ ಬಿಡಬಾರದು. ಬಿಟ್ರ ಅವರು ಬಂದ ಮಲಗ್ತಾರ, ಮನಿಯವರನ್ನ ಕರೀತಾರ. ಅದಕ್ಕ ಮನ್ಯಾಗ ಒಬ್ಬರ ಅಳತಿ ತಗೊಂಡು ಕೊಯ್ಸಿ, ಅವರನ್ನ ಮಲಗಸೂದು. ಆಮ್ಯಾಲ ಅದು ಅವರದು. ಅಜ್ಜಿಗೆ ನಿನ್ನ ಮ್ಯಾಲ ಭಾಳ ಜೀವ ಇತ್ತು, ನಿನಗೇನೂ ಮಾಡಂಗಿಲ್ಲ ಅಂತ ನಿನ್ನ ಅಳತಿಗೆ ಕೊಯ್ಸಿದ್ವಿ." ಅವ್ವ ಪರದೆಯ ಹತ್ತಿರ ಬಂದಳು. ಈಗ ಪೂರ್ತಿ ಮುಖ ಕಂಡಿತು. "ನೀವು ಯಾರ ಅಳತಿಗೆ ಕೊಯ್ಸೀರಿ?"

ಗಣಪತಿಯನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದೆ ಅನ್ನುತ್ತಾರಲ್ಲ, ಹಾಗಾಯಿತು ನನ್ನ ಗತಿ. ಅಜ್ಜಿಗೆ ನನ್ನ ಮೇಲೆ ಜೀವವಿತ್ತು. ಮೆಲ್ಬರ್ನ್‌ನ ಆ ಎತ್ತರದ ಮನುಷ್ಯನಿಗೆ ನಮ್ಮವರ ಮೇಲೆ ಯಾಕೆ ಜೀವವಿರಬೇಕು?

"ಅವ್ವಾ, ಆ ಜಾಗಾದಾಗ ಬ್ಯಾರೆಯವರು ಮಲಗಿದ್ರ?"

"ದಿನಾ ಯಾರು ಮಲಗ್ತಾರ, ಅವರದ ಆಗತೈತಿ. ಯಾಕ, ಏನ ಮಾಡಾಕಿ ಇದ್ದಿ?" ಅಂದಳು. ನೆಟ್‌ವರ್ಕ್ ಸರಿ ಇಲ್ಲ ಅಂತ ಹೇಳಿ ಫೋನ್ ಇಟ್ಟೆ.

ಗಾಡಿ ಮಾರಬಹುದಿತ್ತಲ್ಲ ಅಂತ ನೀವು ಕೇಳಬಹುದು. ಮಾರುವ ಮಾತು ಎತ್ತಿದೆ. ಎತ್ತಿದ ಸಂಜೆ ಅವರು ಮತ್ತೆ ಗೋಡೆ ನೋಡುತ್ತ ಕೂತರು. ಹಾಸಿಗೆಯಲ್ಲಿ ಬೆಚ್ಚಿ ಬೆಚ್ಚಿ ಎದ್ದರು. ಹಾಳಾಗಿ ಹೋಗಲಿ, ಇರಲಿ ಅಂದೆ.

ನನ್ನದು ಬೆಳಗಿನ ಪಾಳಿ. ವೆಸ್ಟ್‌ಮೀಡ್‌ನಿಂದ ಅವರಿಗಿಂತ ಎರಡು ತಾಸು ಮುಂಚೆ ಮನೆ ಸೇರುತ್ತೇನೆ. ಮರುದಿನ ಬಂದವಳೇ ಶಟರ್ ತೆಗೆದೆ, ಹಿಂದಿನ ಬಾಗಿಲು ಇಳಿಸಿ ಹತ್ತಿದೆ. ಹೆದರಿಕೆಯಾಗಲಿಲ್ಲ ಅಂದರೆ ಸುಳ್ಳಾದೀತು. ಬಾಯಲ್ಲಿ ಬಂದ ದೇವರ ಹೆಸರೆಲ್ಲ ಹೇಳಿದೆ. ಗರಾಜು ತಣ್ಣಗಿತ್ತು, ಟ್ರೇಯ ತಗಡು ಇನ್ನೂ ತಣ್ಣಗಿರಬೇಕಿತ್ತು. ಮಲಗಿದೆ. ಬೆನ್ನಿನ ಕೆಳಗೆ ಬೆಚ್ಚಗಿತ್ತು, ಯಾರೋ ಈಗಷ್ಟೇ ಎದ್ದು ಜಾಗ ಬಿಟ್ಟ ಹಾಗೆ. "ನೋಡಪ್ಪಾ" ಅಂತ ಕನ್ನಡದಲ್ಲೇ ಹೇಳಿದೆ, ಅವನಿಗೆ ತಿಳಿಯಲಿ ಬಿಡಲಿ. "ಇನ್ನ ಮ್ಯಾಲ ಈ ಜಾಗಾ ನಂದು. ಏನ ಮಾತಿದ್ರೂ ನನ್ನ ಕೂಡ ಆಡು. ನಮ್ಮವರ ಸುದ್ದಿಗೆ ಹೋಗಬ್ಯಾಡ." ನಾನು ಗಿಡ್ಡಿ. ಹಿಮ್ಮಡಿ ಆ ತಗ್ಗುಗಳವರೆಗೆ ಮುಟ್ಟಲಿಲ್ಲ, ಗೇಣು ದೂರ ಉಳಿಯಿತು. ಅದೊಂದು ಧೈರ್ಯ.

ನಮ್ಮವರು ಬಂದು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕರು. "ಹೆಣ ಮಲಗಿದ ಗಾಡಿ ಅಂತಿದ್ದವಳು ನೀನೇ ಅಲ್ವೇನೇ?"

"ಬೆನ್ನು ನೋಯ್ತದ್ರಿ. ಇಲ್ಲೆ ಆರಾಮ ಅನಸ್ತೈತಿ. ನೀವು ಖುರ್ಚಿ ಹಾಕ್ಕೊಂಡು ಕೂಡ್ರಿ."

ಪಾಪ, ಜಾಗ ಬಿಟ್ಟುಕೊಟ್ಟರು. ಮಡಚುವ ಖುರ್ಚಿ ತಂದು ಪಕ್ಕದಲ್ಲಿ ಕೂತು, ಕಾಫಿ ಕುಡಿಯುತ್ತ ಆಫೀಸಿನ ಸುದ್ದಿ ಹೇಳತೊಡಗಿದರು. ಈಗ ಹಾಸಿಗೆಯಲ್ಲೂ ನಿದ್ದೆ ಬರುತ್ತದೆ ಅವರಿಗೆ. ಹೋದ ಸಲದ ಚೆಕಪ್‌ನಲ್ಲಿ ಡಾಕ್ಟರು ಬೆನ್ನು ತಟ್ಟಿದರಂತೆ. ರಜೆಯಿರಲಿ, ಹಬ್ಬವಿರಲಿ, ನಾನು ಒಂದು ಸಂಜೆಯನ್ನೂ ತಪ್ಪಿಸಿಲ್ಲ. ಮಳೆ ಬಂದರೆ ಗರಾಜಿನ ಒಳಗೇ ಮಲಗುತ್ತೇನೆ. ನಮ್ಮ ಕನ್ನಡದ ಹೆಂಗಸರು ಇದನ್ನು ನೋಡಿ, "ಗಂಡನ ಹುಚ್ಚು ಹೆಂಡತಿಗೆ ಹತ್ತಿತು" ಅಂತ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ.

ಮೊನ್ನೆಯ ಸಂಜೆಯದು ಹೇಳಿ ಮುಗಿಸುತ್ತೇನೆ. ಗಾಡಿ ಡ್ರೈವ್‌ವೇಯಲ್ಲಿತ್ತು. ನಾನು ಮಲಗಿದ್ದೆ, ಎರಡೂ ಕೈ ತಲೆಯ ಕೆಳಗಿದ್ದವು. ನಮ್ಮವರು ಒಳಗೆ ಅಡುಗೆಮನೆಯಲ್ಲಿದ್ದರು, ಪಾತ್ರೆಯ ಸದ್ದು ಕೇಳುತ್ತಿತ್ತು. ಆಕಾಶದಲ್ಲಿ ಇನ್ನೂ ಬೆಳಕಿತ್ತು, ಬಿಳಿಯ ಗಿಳಿಗಳ ಹಿಂಡು ಕಿರುಚುತ್ತ ಹಾರಿಹೋಯಿತು. ನಾನು ಏನೂ ಯೋಚಿಸುತ್ತಿರಲಿಲ್ಲ. ಕಾಲು ಚಾಚಿದೆ. ಹಿಮ್ಮಡಿಗೆ ತಗ್ಗು ತಾಗಿತು.

ಅದೇ ಹೊತ್ತಿಗೆ ನಮ್ಮವರು ಲೋಟ ಹಿಡಿದು ಹೊರಗೆ ಬಂದರು. ಕಾಫಿಯಲ್ಲ, ಚಹಾ. ಶುಂಠಿಯ ವಾಸನೆ ಬರುತ್ತಿತ್ತು.

"ಚಹಾನಾ? ನೀವು ಮಾಡಿದ್ರ್ಯಾ?"

"ಇನ್ಯಾರು ಮಾಡ್ತಾರೆ? ತಗೋ, ಆರಿಹೋಗುತ್ತೆ. ನೀನು ಎರಡು ಸಲ ತಟ್ಟಿದೆಯಲ್ಲ ತಗಡಿಗೆ, ಅದಕ್ಕೇ ತಂದೆ. ಯಾಕೋ ಚಹಾನೇ ಕೇಳ್ತಿದೀಯ ಅನ್ನಿಸ್ತು." ಲೋಟ ಚಾಚಿದವರು ನನ್ನ ಮುಖ ನೋಡಿ ತಡೆದರು. "ಯಾಕೇ? ನೀನು ತಟ್ಟಿಲ್ವಾ?"

ನಾನು ತಲೆಯ ಕೆಳಗಿನಿಂದ ಕೈ ತೆಗೆದು, ಎದ್ದು ಕೂತು, ಲೋಟ ಇಸಿದುಕೊಂಡೆ.

"ಹೂಂರಿ" ಅಂದೆ. "ನಾನ ತಟ್ಟಿದ್ದು."